ತಪ್ಪು ಹೆಸರಿನ ಚಿತ್ರಗಳು

ಏಳನೆಯ ಕಂತು

"ಇದು ಏಣಿ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಬರೆದ ಇವೋಗೂ ಗೊತ್ತಿತ್ತು. ಅದೇ ಮೇಡಂ ಇದರ ಸೊಗಸು!"

ಗ್ಯಾಲರಿಯ ಮಾಲೀಕ ರೊಂಬೌಟ್ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಯ ಮೇಲಿನ ಚಿತ್ರವನ್ನು ತಾನೇ ಹೆತ್ತವನ ಹಾಗೆ ನೋಡಿದ. ಚಿತ್ರದಲ್ಲಿದ್ದದ್ದು ಒಂದು ಕಾಫಿ ಕೆಟಲ್. ನೀಲಿ ಎನಾಮೆಲ್, ಮೂತಿಯ ಹತ್ತಿರ ಬಣ್ಣ ಎದ್ದುಹೋದ ಒಂದು ಕಪ್ಪು ಚುಕ್ಕೆ, ಹಿಡಿಯ ಮೇಲೆ ಕಿಟಕಿಯ ಬೆಳಕು. ಕೈ ಚಾಚಿದರೆ ಬಿಸಿ ತಾಕೀತು ಅನ್ನುವಷ್ಟು ನಿಜವಾಗಿತ್ತು. ಅದರ ಕೆಳಗೆ ಶಾಯಿಯಲ್ಲಿ ಒಂದೇ ಪದ: ಏಣಿ.

ಇನ್‌ಸ್ಪೆಕ್ಟರ್ ಟೀನ ಬೊಯ್ಡೆನ್ಸ್ ಆ ಪದವನ್ನು ಮತ್ತೊಮ್ಮೆ ಓದಿದಳು. ಅವಳ ಹಿಂದೆ ನಿಂತಿದ್ದ ಸಹಾಯಕ ಯೋರಿಸ್, ನಲವತ್ತು ದಾಟಿದ ಭಾರಿ ಆಳು, ತಡೆಯಲಾರದೆ ಗೊಣಗಿದ.

"ನಮ್ಮನೆ ಮಗಳು ಹೀಗೆ ಬರೆದ್ರೆ ಟೀಚರ್ ನನ್ನನ್ನ ಕರೆಸ್ತಾರೆ. ಇಲ್ಲಿ ಚೌಕಟ್ಟು ಹಾಕಿದ್ದೀರಿ."

"ನಿಮ್ಮಂಥೋರಿಗೆ ಇದು ತಮಾಷೆ," ಎಂದ ರೊಂಬೌಟ್. "ಮೂವತ್ತು ವರ್ಷ ಇವೋ ಪದಗಳಿಂದ ಚಿತ್ರ ಕಟ್ಟಿದ. ಕೊನೇ ವರ್ಷ ಪದಕ್ಕೂ ವಸ್ತುವಿಗೂ ಇದ್ದ ಗಂಟನ್ನೇ ಬಿಚ್ಚಿಬಿಟ್ಟ. ಅರ್ಥ ಹುಡುಕಬೇಡಿ. ಸುಮ್ಮನೆ ಅನುಭವಿಸಿ."

ಇವೋ ಲಿಂಗೀರ್‌ನ ಶವ ಓಸ್ಟೆಂಡ್ ಕರಾವಳಿಯ ಅಲೆತಡೆಯ ಕಲ್ಲುಗಳ ನಡುವೆ ಸಿಕ್ಕಿ ಹತ್ತೊಂಬತ್ತು ದಿನಗಳಾಗಿದ್ದವು. ಮನೆಯ ಮೇಜಿನ ಮೇಲೆ ಸಿಕ್ಕ ವಿದಾಯದ ಪತ್ರವನ್ನು ನಂಬಿ, ಶುಕ್ರವಾರದೊಳಗೆ ಕಡತ ಮುಚ್ಚಿ ಎಂದು ತನಿಖಾ ನ್ಯಾಯಾಧೀಶರು ಹೇಳಿಯಾಗಿತ್ತು. ಇಂದು ಬುಧವಾರ.

ಟೀನಳಿಗೆ ಆ ಪತ್ರದ ಬಗ್ಗೆ ಅನುಮಾನವೇನೂ ಇರಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಒಂದು ಚೀಲ. ಸತ್ತವನ ಕೋಟಿನ ಜೇಬಿನಲ್ಲಿ ಬ್ರೆಡ್ ತರುವ ಬಟ್ಟೆಯ ಚೀಲ ಇತ್ತು. ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದ ಚೀಲ. ಸಾಯಲು ಹೊರಟವನು ಅದನ್ನೇಕೆ ಅಷ್ಟು ಒಪ್ಪವಾಗಿ ಮಡಚಿಟ್ಟುಕೊಂಡ?

ಅವಳು ಚಿತ್ರದ ಹತ್ತಿರ ಹೋದಳು. ಇನ್ನೂ ಹತ್ತಿರ. ರೊಂಬೌಟ್ ಕೆಮ್ಮಿದ. ಅವಳು ಲೆಕ್ಕಿಸಲಿಲ್ಲ.

'ಏಣಿ' ಎಂಬ ಪದದ ಸುತ್ತ ಕಾಗದ ತೆಳುವಾಗಿತ್ತು. ಬೇರೆಲ್ಲ ಕಡೆ ನುಣುಪಾಗಿದ್ದ ಕಾಗದ ಅಲ್ಲಿ ಮಾತ್ರ ಒಗೆದು ಒಗೆದು ಸವೆದ ಅಂಗಿಯ ಕಾಲರಿನಂತೆ ಎಳೆಯೆದ್ದಿತ್ತು. ಓರೆಯಾಗಿ ನೋಡಿದಾಗ ಪೆನ್ಸಿಲಿನ ಗೀರುಗಳು ಕಂಡವು. ಯಾವುದೋ ಅಕ್ಷರ ಬರೆದು ಅಳಿಸಿದ್ದು. ಮತ್ತೊಂದು ಬರೆದು ಅಳಿಸಿದ್ದು. ಮತ್ತೊಂದು. ಎಲ್ಲದರ ಮೇಲೆ, ಕೊನೆಗೆ, ಸೋತು ಕೈಬಿಟ್ಟಂತೆ, ಶಾಯಿಯಲ್ಲಿ ಏಣಿ.

ಪಕ್ಕದ ಚಿತ್ರ: ಕತ್ತರಿಸದ ಒಂದು ಬ್ರೆಡ್ಡು. ಕೆಳಗೆ: ಕೊಡೆ. ಅಲ್ಲಿಯೂ ಕಾಗದ ಸವೆದಿತ್ತು.

ಅದರಾಚೆ: ಸಮುದ್ರಕ್ಕೆ ಚಾಚಿದ ಅಲೆತಡೆ, ಪಾಚಿಗಟ್ಟಿದ ಕಲ್ಲುಗಳು. ಕೆಳಗೆ: ಕುದುರೆ. ಅಲ್ಲಂತೂ ಕಾಗದ ಹರಿದು, ಹಿಂದಿನಿಂದ ಚೂರು ಅಂಟಿಸಿದ್ದರು.

ಟೀನ ಇದನ್ನು ಮನೆಯಲ್ಲಿ ದಿನಾ ನೋಡುತ್ತಿದ್ದಳು.

ಅವಳ ಅಪ್ಪ ಒಮೇರ್ ನಲವತ್ತು ವರ್ಷ ಕರಾವಳಿಯ ಟ್ರಾಮ್ ಓಡಿಸಿದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸುಧಾರಿಸಿತು, ಹೆಸರುಗಳು ಹಿಂತಿರುಗಲಿಲ್ಲ. ಇವತ್ತು ಬೆಳಿಗ್ಗೆ ಕೂಡ ಬೆಣ್ಣೆಯ ಕಡೆ ಕೈ ಚಾಚಿ, "ಆ ಟಿಕೆಟ್ ಈಕಡೆ ಕೊಡು" ಎಂದಿದ್ದರು. "ಬೆಣ್ಣೆ ಅಪ್ಪ" ಎಂದಿದ್ದಳು ಟೀನ. "ಅದೇ ಕಣೆ, ಟಿಕೆಟ್!" ಎಂದು ರೇಗಿ, ಆಮೇಲೆ ತಾನೇನೋ ತಪ್ಪು ಹೇಳಿದೆ ಎಂದು ಅರಿವಾಗಿ, ಚಾಚಿದ ಕೈಯನ್ನು ಮೇಜಿನ ಕೆಳಗೆ ಅಡಗಿಸಿಕೊಂಡಿದ್ದರು. ಮನೆಯ ಪ್ರತಿ ಕಪಾಟಿನ ಮೇಲೂ ಅವಳು ಚೀಟಿ ಅಂಟಿಸಿದ್ದಳು. ಸಕ್ಕರೆ. ಚಮಚ. ಔಷಧಿ. ಅವರು ಆ ಚೀಟಿಗಳ ಮುಂದೆ ನಿಂತು ತುಟಿ ಅಲ್ಲಾಡಿಸುವುದನ್ನು ಬಾಗಿಲ ಸಂದಿನಿಂದ ನೋಡಿ ಎಷ್ಟೋ ಸಲ ಹಿಂದಿರುಗಿದ್ದಳು.

ಇವೋ ಲಿಂಗೀರ್ ಯಾವ ಗಂಟನ್ನೂ ಬಿಚ್ಚುತ್ತಿರಲಿಲ್ಲ. ಅವನು ಹುಡುಕುತ್ತಿದ್ದ. ಎದುರಿಗೆ ಕೆಟಲ್ ಇಟ್ಟುಕೊಂಡು, ಅದರ ಹೆಸರೇನು, ಹೆಸರೇನು ಎಂದು ಕಾಗದ ಹರಿಯುವ ತನಕ ಹುಡುಕುತ್ತಿದ್ದ.

"ಈ ಚಿತ್ರಗಳನ್ನ ಬರೆದಾಗ ನಿಮಗೆ ಏನಾದ್ರೂ ಹೇಳಿದ್ನಾ?" ಎಂದು ಕೇಳಿದಳು.

"ಇವೋ? ಅವನು ಮಾತು ಕಮ್ಮಿ ಮಾಡಿದ್ದ. ಮೊದಲ್ನೇದನ್ನ ನೋಡ್ದಾಗ ನಾನು ಅವನನ್ನ ತಬ್ಕೊಂಡೆ. 'ಇದು ಅದ್ಭುತ, ಇನ್ನೂ ಮಾಡು' ಅಂದೆ. ಅವನಿಗೆ ಕಣ್ಣು ತುಂಬಿ ಬಂತು."

"ಖುಷಿಗೆ ಅಂದ್ಕೊಂಡ್ರಾ?"

ರೊಂಬೌಟ್ ಚಿತ್ರದಿಂದ ಕಣ್ಣು ಕಿತ್ತ. ಏನೋ ಕೇಳಿಸಿಕೊಳ್ಳಬಾರದ್ದನ್ನು ಕೇಳಿಸಿಕೊಂಡವನಂತೆ ಅವಳನ್ನೇ ನೋಡಿದ.

ಟೀನ ತನ್ನ ಕೈಚೀಲದಿಂದ, ಹೆಂಡತಿಯ ಹೆಸರಿಗಿದ್ದ ವಿದಾಯದ ಪತ್ರದ ನಕಲು ತೆಗೆದಳು. ಅಷ್ಟು ಸಲ ಓದಿದ್ದರೂ ಈಗ ಮೊದಲ ಸಲ ಓದುವಂತೆ ಓದಿದಳು.

'ಲೀವ, ಕುಂಚ ತೊಳೆದಿಟ್ಟಿದ್ದೇನೆ, ಕಿಟಕಿ ಮುಚ್ಚಿದ್ದೇನೆ. ಕಡಲು ಕೊಟ್ಟ ಅಕ್ಷರಗಳನ್ನು ಕಡಲಿಗೇ ಒಪ್ಪಿಸುತ್ತೇನೆ. ಯಾರನ್ನೂ ದೂರಬೇಡ. ನನ್ನ ಹೆಸರನ್ನು ಮೆಲ್ಲಗೆ ಹೇಳು.'

ಕುಂಚ. ಕಿಟಕಿ. ಕಡಲು. ಅಕ್ಷರ. ಒಂದೂ ತಪ್ಪಿಲ್ಲ. ಒಂದೂ ಅಳಿಸಿಲ್ಲ.

"ಯೋರಿಸ್, ಬರವಣಿಗೆ ತಜ್ಞರು ಈ ಪತ್ರವನ್ನ ಯಾವುದರ ಜೊತೆ ಹೋಲಿಸಿ ನೋಡಿದ್ರು?"

"ಅದೋ, ಅದರ ಜೊತೆ." ಯೋರಿಸ್ ಎದುರು ಗೋಡೆಗೆ ಕೈ ತೋರಿಸಿದ.

ಅಲ್ಲಿ ಇವೋನ ಹೆಸರಾಂತ ಹಳೆಯ ಚಿತ್ರ ತೂಗುತ್ತಿತ್ತು. ದೂರದಿಂದ ಅದು ಸೀಗಡಿ ಹಿಡಿಯುವ ದೋಣಿ. ಹತ್ತಿರ ಹೋದರೆ ಗೆರೆಯೇ ಇಲ್ಲ, ಬರೀ ಅಕ್ಷರ. ಈ ತೀರದಿಂದ ಹೋಗಿ ಬಾರದ ಮೀನುಗಾರರ ಸಾವಿರಾರು ಹೆಸರುಗಳು ಒತ್ತೊತ್ತಾಗಿ ಕೂತು ದೋಣಿಯ ಒಡಲಾಗಿದ್ದವು. ಮೃದುವಾದ, ಬಲಕ್ಕೆ ವಾಲಿದ, ಬಾಲ ಉದ್ದ ಬಿಟ್ಟ ಅಕ್ಷರ. ಪತ್ರದ ಅಕ್ಷರವೂ ಅದೇ, ಅನುಮಾನವಿಲ್ಲ.

ಆದರೆ 'ಏಣಿ'ಯ ಅಕ್ಷರ ಅದಲ್ಲ. ಅದು ದಪ್ಪ, ನೆಟ್ಟಗೆ, ಬಾಲವಿಲ್ಲದ್ದು.

ಟೀನ ಒಂದೊಂದೇ ಚಿತ್ರದ ಮುಂದೆ ನಿಂತು ಹನ್ನೊಂದು ಚಿತ್ರಗಳನ್ನೂ ಫೋನಿನಲ್ಲಿ ತೆಗೆದುಕೊಂಡಳು. ಕೊನೆಯದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಹೆಂಗಸಿನ ಎರಡು ಕೈಗಳು, ಸೀಗಡಿ ಸುಲಿಯುತ್ತಿರುವ ಕೈಗಳು. ಎಡಗೈ ಕಿರುಬೆರಳು ಸೊಟ್ಟ. ಕೆಳಗೆ: ಮಳೆ.

"ನೀನು ಇಲ್ಲೇ ಇರು ಯೋರಿಸ್. ಈ ಗೋಡೆಯಿಂದ ಒಂದು ಮೊಳೆ ಕೂಡ ಅಲ್ಲಾಡಬಾರದು."

"ನೀವು ಎಲ್ಲಿಗೆ ಮೇಡಂ?"

"ಆ ದೋಣಿಯ ಅಕ್ಷರ ಬರೆದೋರ ಮನೆಗೆ."

*

ಮೀನುಕಟ್ಟೆಯ ಎದುರಿನ ಹಳೆಯ ಕಟ್ಟಡದ ಮೂರನೆಯ ಅಂತಸ್ತು. ಕಡಿದಾದ ಮೆಟ್ಟಿಲು. ಬಾಗಿಲು ತೆಗೆದವನು ಕಮೀಲ್, ಇವೋನ ಹೆಂಡತಿ ಗೊಡೆಲೀವರ ತಮ್ಮ. ಅರವತ್ತರ ಹತ್ತಿರದ, ಮುಖವೆಲ್ಲ ಉಪ್ಪುಗಾಳಿಗೆ ಒಡೆದ, ಮೆಲುದನಿಯ ಮನುಷ್ಯ. ಭಾವ ತೀರಿಕೊಂಡ ದಿನದಿಂದ ಅಕ್ಕನ ಜೊತೆಯಲ್ಲೇ ಇದ್ದ. ಅವನ ಹೇಳಿಕೆ ಟೀನಳಿಗೆ ನೆನಪಿತ್ತು: ಆ ತಿಂಗಳಿಡೀ ಜೀಬ್ರುಗೆ ಬಂದರಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದೆ, ಇವೋನನ್ನು ನೋಡಿಯೂ ಇರಲಿಲ್ಲ, ಮಾತಾಡಿಯೂ ಇರಲಿಲ್ಲ.

"ಬನ್ನಿ ಮೇಡಂ, ಒಳ್ಳೇ ಸಮಯಕ್ಕೆ ಬಂದ್ರಿ," ಎಂದ ಅವನು ಕೋಟು ಹಾಕಿಕೊಳ್ಳುತ್ತಾ. "ತಿನ್ನೋದೇ ಬಿಟ್ಟಿದ್ದಾಳೆ. ಈರುಳ್ಳಿ ಸೊಪ್ಪು ತಂದು ಸೂಪ್ ಆದ್ರೂ ಮಾಡ್ತೀನಿ. ನೀವು ಒಂದು ಮಾತು ಹೇಳಿ, ನನ್ನ ಮಾತು ಎಲ್ಲಿ ಕೇಳ್ತಾಳೆ."

ಒಳಗೆ ತಿರುಗಿ, "ಅಕ್ಕ, ಶಾಲು ಹೊದ್ಕೋ, ಗಾಳಿ ಇದೆ," ಎಂದು ಕೂಗಿ, ಮೆಟ್ಟಿಲಿಳಿದು ಹೋದ.

ಗೊಡೆಲೀವ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮುಂದೆ ಪತ್ರಿಕೆ ಹರಡಿ, ಅದರ ಮೇಲೆ ಬೂದುಬಣ್ಣದ ಸೀಗಡಿಯ ರಾಶಿ. ತಲೆ ತಿರುವಿ, ಎಳೆದು, ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ಕಣ್ಣು ಎತ್ತಲಿಲ್ಲ.

"ತಿನ್ನೋರಿಲ್ಲ," ಎಂದರು. "ಆದ್ರೂ ಬುಧವಾರ ಬಂದ್ರೆ ಕೈ ಸುಮ್ಮನಿರಲ್ಲ. ಕೂತ್ಕೊಳ್ಳಿ."

ಟೀನ ಕೂರಲಿಲ್ಲ. ಕಪಾಟುಗಳನ್ನು ನೋಡುತ್ತಿದ್ದಳು. ಹಸಿರು ಬಣ್ಣದ ಹಳೆಯ ಕಪಾಟುಗಳು. ಪ್ರತಿಯೊಂದು ಬಾಗಿಲ ಮೇಲೂ, ಒಂದೇ ಎತ್ತರದಲ್ಲಿ, ಕಣ್ಣಿನ ಮಟ್ಟಕ್ಕೆ, ಬೆರಳುದ್ದದ ಒಂದೊಂದು ಮಾಸಲು ಚೌಕ. ಅಂಟುಪಟ್ಟಿ ಕಿತ್ತಾಗ ಬಣ್ಣವೂ ಎದ್ದುಬಂದ ಜಾಗ. ಒಲೆಯ ಪಕ್ಕ ಒಂದು. ಬಾಗಿಲ ಮೇಲೆ ಒಂದು. ಫ್ರಿಜ್ಜಿನ ಮೇಲೆ ಒಂದು.

ಫ್ರಿಜ್ಜಿನ ಆ ಚೌಕದ ಕೆಳಗೆ, ಅಯಸ್ಕಾಂತದ ಗುಂಡಿಯಡಿ, ಸಾಮಾನಿನ ಚೀಟಿ ತೂಗುತ್ತಿತ್ತು. ಸೋಪು, ಮೊಟ್ಟೆ, ಕಾಫಿಪುಡಿ. ಮೃದುವಾದ, ಬಲಕ್ಕೆ ವಾಲಿದ, ಬಾಲ ಉದ್ದ ಬಿಟ್ಟ ಅಕ್ಷರ.

"ದೋಣಿಯ ಚಿತ್ರದಲ್ಲಿ ಹೆಸರುಗಳನ್ನ ಬರೆದೋರು ನೀವು," ಎಂದಳು ಟೀನ.

ಸೀಗಡಿ ಸುಲಿಯುವ ಕೈ ನಿಲ್ಲಲಿಲ್ಲ. "ಅವನು ಆಕಾರ ಹಾಕ್ತಿದ್ದ. ನಾನು ತುಂಬ್ತಿದ್ದೆ. ಅವನ ಅಕ್ಷರ ಚೆನ್ನಾಗಿರಲಿಲ್ಲ. ಅದೇನು ಗುಟ್ಟಲ್ಲ, ಯಾರೂ ಕೇಳಲಿಲ್ಲ ಅಷ್ಟೆ."

"ವಿದಾಯದ ಪತ್ರವನ್ನೂ ನೀವೇ ತುಂಬಿದ್ರಿ."

"ಏನು ಹೇಳ್ತಿದ್ದೀರಿ ಮೇಡಂ?"

"ಈ ಕಪಾಟುಗಳ ಮೇಲೆ ಚೀಟಿ ಇತ್ತು. ಸಕ್ಕರೆ, ಚಮಚ, ತಟ್ಟೆ. ಕಿತ್ತುಹಾಕಿದ್ದೀರಿ. ಯಾವಾಗ ಕಿತ್ತಿರಿ? ಪೊಲೀಸರು ಬರೋ ಮುಂಚೆ?"

"ಬಣ್ಣ ಹಳೇದು. ತಾನಾಗೇ ಎದ್ದಿರ್ಬೇಕು."

"ಗೊಡೆಲೀವ ಅಮ್ಮ," ಟೀನಳ ದನಿ ತಗ್ಗಿತು, "ನಮ್ಮನೆ ಕಪಾಟಿನ ಮೇಲೂ ಇದೇ ಎತ್ತರದಲ್ಲಿ ಚೀಟಿ ಇದೆ. ನಮ್ಮಪ್ಪ ಬೆಣ್ಣೆಗೆ ಟಿಕೆಟ್ ಅಂತಾರೆ."

ಕೈ ನಿಂತಿತು. ಸೊಟ್ಟ ಕಿರುಬೆರಳಿಗೆ ಸೀಗಡಿಯ ಮೀಸೆಯೊಂದು ಅಂಟಿಕೊಂಡಿತ್ತು.

ಆಕೆ ಅದನ್ನು ಕಿತ್ತು ಪತ್ರಿಕೆಗೆ ಒರೆಸಿ ಕೇಳಿದರು, "ಎಷ್ಟು ದಿನದಿಂದ?"

"ಎರಡು ವರ್ಷ."

"ಇವನಿಗೆ ಹದಿನೆಂಟು ತಿಂಗಳು. ಪಾರ್ಶ್ವವಾಯು ಅಲ್ಲ. ಮಿದುಳಲ್ಲಿ ಹೆಸರಿರೋ ಕಡೇನೇ ಸವೀತಾ ಇದೆ ಅಂದ್ರು ಡಾಕ್ಟ್ರು. ನಡೀತಾನೆ, ಚಿತ್ರ ಬರೀತಾನೆ, ಬಾ, ಹೋಗು, ಕೊಡು ಅಂತಾನೆ. ಹೆಸರುಗಳು ಮಾತ್ರ ಒಂದೊಂದೇ ಉದುರಿಹೋಗ್ತಾವೆ ಅಂದ್ರು." ಮುಂಗೈಯಿಂದ ಮುಖ ಒರೆಸಿಕೊಂಡರು. "ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡು ಆಣೆ ಮಾಡಿಸಿದ. ಪದಗಳಿಂದ ಹೆಸರು ಮಾಡಿದೋನು ಮೇಡಂ. ಆಣೆ ಅನ್ನೋ ಪದವೂ ಅವನಿಗೆ ಬರಲಿಲ್ಲ. ಬರೀ ಕೈ ಹಿಡ್ಕೊಂಡ."

"ರೊಂಬೌಟ್‌ಗೆ ಗೊತ್ತಿತ್ತಾ?"

"ಆ ಮನುಷ್ಯ!" ಗೊಡೆಲೀವ ಮೊದಲ ಸಲ ತಲೆಯೆತ್ತಿದರು. "ಅಭ್ಯಾಸಕ್ಕೆ ಅಂತ ಇವನು ಬರೆದಿಟ್ಟಿದ್ದ ಕಾಗದ ನೋಡಿ ಕುಣಿದಾಡಿಬಿಟ್ಟ. ಹೊಸ ದಾರಿ ಅಂದ. ಆಮೇಲೆ ಇನ್ಯಾರೋ ಬಂದ್ರು, ಅವರೂ ಚಪ್ಪಾಳೆ ತಟ್ಟಿದ್ರು. ಇವನು ಮುಳುಗ್ತಾ ಇದ್ದ, ದಡದಲ್ಲಿ ನಿಂತೋರು ಈಜು ಚೆನ್ನಾಗಿದೆ ಅಂತಿದ್ರು. ಅವತ್ತು ಇವೋ ಮಕ್ಕಳ ಹಾಗೆ ಅತ್ತ. ನಾನು ಆ ಚಿತ್ರಗಳನ್ನ ಇವತ್ತಿನ ತನಕ ಒಂದು ಸಲ ನೋಡಿಲ್ಲ. ನೋಡೋದೂ ಇಲ್ಲ."

"ಪತ್ರ ಯಾಕೆ ಬರೆದ್ರಿ?"

"ಅವತ್ತು ಬೆಳಿಗ್ಗೆ ನಾನು ಎದ್ದಾಗ ಅವನು ಹೋಗಿಯಾಗಿತ್ತು. ಮೇಜಿನ ಮೇಲೆ ಒಂದು ಕಾಗದ. ಅವನ ದಪ್ಪ ಅಕ್ಷರ. ಏನೂ ತಿಳೀಲಿಲ್ಲ, ಹುಚ್ಚುಹುಚ್ಚಾಗಿತ್ತು. ಹತ್ತು ಗಂಟೆಗೆ ನಿಮ್ಮೋರು ಫೋನ್ ಮಾಡಿದ್ರು, ಶವ ಸಿಕ್ಕಿದೆ, ಬರ್ತೀವಿ ಅಂದ್ರು. ಆಗ ಮತ್ತೆ ಆ ಕಾಗದ ನೋಡಿದೆ. 'ಹೋಗ್ತೀನಿ' ಅನ್ನೋ ಒಂದೇ ಪದ ನನ್ನ ಕಣ್ಣಿಗೆ ಬಿದ್ದದ್ದು. ಹೋಗ್ತೀನಿ ಅಂದು ಹೋಗಿಬಿಟ್ಟ ಅಂದ್ಕೊಂಡೆ."

"ಆಮೇಲೆ?"

"ನೀವು ಬರೋಕೆ ಒಂದೂವರೆ ಗಂಟೆ ಇತ್ತು. ಆ ಕಾಗದ ನಿಮ್ಮ ಕೈಗೆ ಸಿಕ್ಕಿದ್ರೆ ಪತ್ರಿಕೇಲಿ ಹಾಕ್ತಿದ್ರಿ. ಲಿಂಗೀರ್‌ಗೆ ಬುದ್ಧಿ ಕೆಟ್ಟಿತ್ತು ಅಂತ ಊರೆಲ್ಲ ಅಯ್ಯೋ ಪಾಪ ಅಂತಿತ್ತು. ಮೂವತ್ತು ವರ್ಷ ಅವನ ಮಾತನ್ನ ನಾನು ಬರೆದೆ. ಕೊನೇದನ್ನೂ ಬರೆದೆ. ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕ್ದೆ. ತಪ್ಪೇ? ತಪ್ಪಾದ್ರೆ ಕರ್ಕೊಂಡು ಹೋಗಿ."

"ತಪ್ಪೇ," ಎಂದಳು ಟೀನ. ಆದರೆ ಕೈಕೋಳದ ಕಡೆ ಕೈ ಹೋಗಲಿಲ್ಲ. "ಆ ಕಾಗದಾನೂ ಒಲೆಗೆ ಹಾಕಿದ್ರಾ?"

ಗೊಡೆಲೀವ ಎದ್ದರು. ಕಿಟಕಿಯ ಮೇಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ ಇಳಿಸಿ, ತಳದಿಂದ ಮಡಚಿದ ಕಾಗದವೊಂದನ್ನು ತೆಗೆದರು. ದಾಲ್ಚಿನ್ನಿಯ ವಾಸನೆ ಬಂತು.

"ಆವತ್ತಿಂದ ಬಿಚ್ಚಿಲ್ಲ. ಸುಡೋಕೆ ಕೈ ಬರಲಿಲ್ಲ."

ಟೀನ ಬಿಚ್ಚಿ ಮೇಜಿನ ಮೇಲೆ ಹರಡಿದಳು. ನಾಲ್ಕು ಸಾಲು.

*ಮಳೆ, ಕುದುರೆಗೆ ಹೋಗ್ತೀನಿ.*
*ಏಣಿ ಇಡು.*
*ಕೊಡೆ ತರ್ತೀನಿ.*
*ಗರಗಸ ಕರೆದಿದ್ದಾನೆ.*

"ನೋಡಿದ್ರಾ," ಎಂದರು ಗೊಡೆಲೀವ. "ಹುಚ್ಚು."

ಟೀನ ಕಾಗದದಿಂದ ತಲೆಯೆತ್ತಿ ಕೇಳಿದಳು. "ಅವರು ಒಂದೊಂದು ವಸ್ತುವಿಗೆ ದಿನಕ್ಕೊಂದು ಹೆಸರು ಹೇಳ್ತಿದ್ರಾ, ಒಂದೇ ಹೆಸರು ಹೇಳ್ತಿದ್ರಾ?"

"ಮೊದಮೊದಲು ಬಾಯಿಗೆ ಬಂದದ್ದು. ಆಮೇಲೆ ಒಂದೊಂದಕ್ಕೆ ಒಂದೊಂದು ಪದ ಕಚ್ಕೊಳ್ತು ಅನ್ಸುತ್ತೆ. ನಾನು ಗಮನ ಕೊಡ್ತಿರಲಿಲ್ಲ. ತಿದ್ದುತ್ತಿದ್ದೆ ಅಷ್ಟೆ. ಅದಲ್ಲ ಇವೋ, ಇದು. ಅದಲ್ಲ, ಇದು. ದಿನಾ ತಿದ್ದುತ್ತಿದ್ದೆ. ತಿದ್ದಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ."

ಟೀನ ಫೋನ್ ತೆಗೆದು ಕಾಗದದ ಪಕ್ಕ ಇಟ್ಟಳು.

"ನೀವು ನೋಡಲ್ಲ ಅಂದ ಚಿತ್ರಗಳು ಇವು. ಈಗ ನೋಡಲೇಬೇಕು. ಇದು ಯಾರ ಕೈ?"

ಗೊಡೆಲೀವ ಬೇಡವೆಂದು ಮುಖ ತಿರುಗಿಸಿದರು. ಆಮೇಲೆ ನಿಧಾನವಾಗಿ ಬಗ್ಗಿದರು. ಸೀಗಡಿ ಸುಲಿಯುತ್ತಿರುವ ಎರಡು ಕೈ. ಸೊಟ್ಟ ಕಿರುಬೆರಳು. ಆಕೆ ತಮ್ಮ ಕೈ ನೋಡಿಕೊಂಡರು, ಮತ್ತೆ ಚಿತ್ರ ನೋಡಿದರು.

"ನನ್ನದು."

"ಕೆಳಗೆ ಏನಿದೆ ಓದಿ."

"ಮಳೆ." ಬೆರಳು ಆ ಪದದ ಮೇಲೆ ನಿಂತಿತು. "ಮಳೆ... ನಾನಾ?"

"ಇದು ಅಲೆತಡೆ. ಕುದುರೆ ಅಂತ ಬರೆದಿದ್ದಾರೆ. ಇದು ಕೆಟಲ್, ಅದೋ ನಿಮ್ಮ ಒಲೆ ಮೇಲಿದೆಯಲ್ಲ, ಅದೇ. ಇದು ಏಣಿ. ಇದು ಬ್ರೆಡ್. ಕೊಡೆ."

ಟೀನ ಕಾಗದದ ಮೇಲೆ ಬೆರಳಿಟ್ಟು, ಒಂದೊಂದೇ ಪದ ಬದಲಿಸಿ, ಮಕ್ಕಳಿಗೆ ಓದಿ ಹೇಳುವಷ್ಟು ನಿಧಾನವಾಗಿ ಓದಿದಳು.

"ಲೀವ, ಅಲೆತಡೆಗೆ ಹೋಗ್ತೀನಿ. ಕೆಟಲ್ ಇಡು. ಬ್ರೆಡ್ ತರ್ತೀನಿ."

ಹೊರಗೆ ಮೀನುಕಟ್ಟೆಯಲ್ಲಿ ಕಡಲಹಕ್ಕಿಗಳು ಕಿರುಚಾಡುತ್ತಿದ್ದವು.

"ಬ್ರೆಡ್ ತರ್ತೀನಿ," ಎಂದರು ಗೊಡೆಲೀವ.

"ಹೌದು. ಚೀಲ ಜೇಬಿನಲ್ಲೇ ಇತ್ತು."

"ಕೆಟಲ್ ಇಡು ಅಂದಿದ್ದಾನೆ." ಆಕೆಯ ಕೈ ಸೀಗಡಿಯ ಸಿಪ್ಪೆಗಳ ಮೇಲೆ ಬಿತ್ತು. "ನಾನು ಇಡಲಿಲ್ಲ. ಹತ್ತೊಂಬತ್ತು ದಿನ ಅವನನ್ನ ಬೈದಿದ್ದೀನಿ ಮೇಡಂ. ಮನಸ್ಸಲ್ಲೇ. ನನ್ನ ಬಿಟ್ಟು ಹೇಗೆ ಹೋದೆ ಅಂತ, ಹೇಡಿ ಅಂತ. ಪಾದ್ರಿಗಳ ಮುಂದೆ ಅವನ ಪಾಪಕ್ಕೆ ಕ್ಷಮೆ ಕೇಳಿದ್ದೀನಿ. ಅವನು ಬ್ರೆಡ್ ತರೋಕೆ ಹೋಗಿದ್ದ."

ಆಕೆ ಅಳಲಿಲ್ಲ. ಎದ್ದು ಹೋಗಿ ನೀಲಿ ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟರು. ಹಚ್ಚಿದರು. ಮತ್ತೆ ಬಂದು ಕೂತರು. ಟೀನ ಮನಸ್ಸಿನಲ್ಲೇ ಕಡತದ ಪುಟ ತಿರುವಿದಳು. ಸಾಯುವ ಉದ್ದೇಶವೇ ಇಲ್ಲದವನು ದಿನಾ ನಡೆದು ಗೊತ್ತಿದ್ದ ಕಲ್ಲುಗಳ ಮೇಲಿಂದ ಬಿದ್ದಿದ್ದ. ತಲೆಯ ಹಿಂದೆ ಗಾಯವಿತ್ತು. ಕಲ್ಲು ಬಡಿದದ್ದೂ ಇರಬಹುದು, ಹೊಡೆದದ್ದೂ ಇರಬಹುದು ಎಂದು ವೈದ್ಯರು ಬರೆದಿದ್ದರು. ಪತ್ರ ಸಿಕ್ಕಿದ್ದರಿಂದ ಆ ಎರಡನೆಯ ಮಾತನ್ನು ಯಾರೂ ಓದಿರಲಿಲ್ಲ.

"ಇನ್ನೊಂದು ಸಾಲಿದೆ," ಎಂದಳು. "ಗರಗಸ ಕರೆದಿದ್ದಾನೆ. ಅವತ್ತು ಬೆಳಿಗ್ಗೆ ಯಾರೋ ಅವರನ್ನ ಅಲೆತಡೆಗೆ ಕರೆದಿದ್ದಾರೆ. ಗರಗಸ ಅನ್ನೋದು ಆ ಮನುಷ್ಯನಿಗೆ ಇವೋ ಇಟ್ಟುಕೊಂಡಿದ್ದ ಹೆಸರು. ಹನ್ನೊಂದು ಚಿತ್ರದಲ್ಲಿ ಆ ಪದ ಇಲ್ಲ. ಎಲ್ಲಾದ್ರೂ ಕೇಳಿದ್ದೀರಾ? ರೊಂಬೌಟ್ ಬಂದಾಗ ಹಾಗಂತಿದ್ರಾ?"

"ಇಲ್ಲ. ಅವನಿಗೆ ಬೇರೆ ಏನೋ ಅಂತಿದ್ದ. ಗಂಟೆ ಅಂತಲೋ ಏನೋ." ಗೊಡೆಲೀವ ಹುಬ್ಬು ಗಂಟಿಕ್ಕಿದರು. ಈಗ ಆಕೆಯಲ್ಲಿ ಒಂದು ಆತುರ ಬಂದಿತ್ತು. ಇಷ್ಟು ದಿನ ಕಲಿಯದ ಭಾಷೆಯನ್ನು ಒಂದೇ ಗಳಿಗೆಯಲ್ಲಿ ಕಲಿತುಬಿಡಬೇಕೆನ್ನುವ ಆತುರ. "ಗರಗಸ... ಗರಗಸ. ಇರಿ ಮೇಡಂ, ಇದನ್ನ ಕೇಳಿದ್ದೀನಿ. ಖಂಡಿತ ಕೇಳಿದ್ದೀನಿ."

"ನಿಧಾನವಾಗಿ ನೆನಪು ಮಾಡ್ಕೊಳ್ಳಿ."

"ಇಲ್ಲೇ ಕೂತಿರ್ತಿದ್ದ, ಈ ಕುರ್ಚಿ ಮೇಲೆ. ಮೆಟ್ಟಿಲ ಮೇಲೆ ಕಾಲ್ಸಪ್ಪಳ ಕೇಳಿದ್ರೆ ಸಾಕು, ಬಣ್ಣದ ಡಬ್ಬಿ ಮುಚ್ಚಿ ಒಳಗೆ ಹೊರಟುಬಿಡ್ತಿದ್ದ. 'ಗರಗಸ ಬಂದ, ಗರಗಸ ಬಂದ' ಅಂತಿದ್ದ. ನನಗೆ ನಗು ಬರ್ತಿತ್ತು. ಗದರ್ತಿದ್ದೆ, ಎಷ್ಟು ಸಲ ಹೇಳ್ಕೊಡ್ಬೇಕು ನಿಂಗೆ, ಗರಗಸ ಅಲ್ಲ ಇವೋ, ಕ—"

ಬಾಯಿ ತೆರೆದಂತೆಯೇ ನಿಂತಿತು.

ಅರ್ಧಕ್ಕೆ ನಿಂತ ಅಕ್ಷರ ಅಡುಗೆಮನೆಯಲ್ಲಿ ಹಾಗೇ ಉಳಿಯಿತು. ಆಕೆ ನಿಧಾನವಾಗಿ ತುಟಿ ಮುಚ್ಚಿಕೊಂಡರು.

"ಗರಗಸ ಅಲ್ಲ, ಯಾರು?" ಎಂದಳು ಟೀನ.

ಕೆಳಗೆ ಬೀದಿಬಾಗಿಲು ಬಡಿದುಕೊಂಡಿತು. ಮರದ ಮೆಟ್ಟಿಲುಗಳ ಮೇಲೆ ಭಾರವಾದ, ಅವಸರವಿಲ್ಲದ ಹೆಜ್ಜೆಗಳು ಏರತೊಡಗಿದವು.

"ಗೊಡೆಲೀವ ಅಮ್ಮ. ಯಾರು?"

"ಗೊತ್ತಿಲ್ಲ."

"ಈಗ ತಾನೇ ಹೇಳ್ತಿದ್ರಿ."

"ತಪ್ಪು ನೆನಪು." ಆಕೆ ಕಾಗದವನ್ನು ಎತ್ತಿ ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಅದುಮಿಕೊಂಡರು. ದನಿ ಈಗ ಕಲ್ಲಿನಂತಿತ್ತು. "ವಯಸ್ಸಾಯ್ತು ನೋಡಿ. ನನಗೂ ಹೆಸರು ಮರೆತುಹೋಗ್ತಾವೆ."

"ಅವರು ಬ್ರೆಡ್ ತರೋಕೆ ಹೋಗಿದ್ರು," ಎಂದಳು ಟೀನ ಮೆಲ್ಲಗೆ.

ಗೊಡೆಲೀವ ಬಾಗಿಲ ಕಡೆ ತಿರುಗಿದರು. ಒಲೆಯ ಮೇಲೆ ಕೆಟಲ್ ಸಣ್ಣಗೆ ಹಾಡಲು ಶುರುಮಾಡಿತ್ತು.

"ನಮ್ಮಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ ಮೇಡಂ," ಎಂದರು ಬಾಗಿಲನ್ನೇ ನೋಡುತ್ತಾ, ತಮಗೆ ತಾವೇ ಎಂಬಂತೆ. "ಸೊಂಟದ ಮೇಲೆ ಹೊತ್ತು ಬೆಳೆಸಿದ್ದೀನಿ."

ಹೆಜ್ಜೆಗಳು ಎರಡನೆಯ ಅಂತಸ್ತು ದಾಟಿದವು.

"ಇವತ್ತು ಹೋಗಿಬಿಡಿ." ಆಕೆ ಟೀನಳ ತೋಳು ಹಿಡಿದುಕೊಂಡರು. ಆ ಹಿಡಿತದಲ್ಲಿ ಬೇಡಿಕೆಯೂ ಇತ್ತು, ಭಯವೂ ಇತ್ತು. ಭಯ ಯಾರಿಗಾಗಿ ಎಂದು ಟೀನಳಿಗೆ ತಿಳಿಯಲಿಲ್ಲ. "ನಿಮಗೆ ಕೈ ಮುಗೀತೀನಿ. ನಾನೇ ಕೇಳ್ತೀನಿ. ಯಾಕೆ ಅಂತ ಮೊದಲು ನಾನು ಕೇಳ್ಬೇಕು."

"ಅದು ಆಗಲ್ಲ ಅಮ್ಮ."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವನು..."

ಬೀಗದಲ್ಲಿ ಕೀಲಿ ತಿರುಗಿತು. ಟೀನ ತೋಳು ಬಿಡಿಸಿಕೊಂಡು, ಗೊಡೆಲೀವರಿಗೂ ಬಾಗಿಲಿಗೂ ನಡುವೆ ಬಂದು ನಿಂತಳು. ಈರುಳ್ಳಿ ಸೊಪ್ಪಿನ ಕಟ್ಟು ಮೊದಲು ಕಂಡಿತು, ಆಮೇಲೆ ಕಮೀಲ್‌ನ ಮುಖ.

ಅವನು ಇಬ್ಬರನ್ನೂ ನೋಡಿದ. ಅಕ್ಕನ ಮುಷ್ಟಿಯಿಂದ ಇಣುಕುತ್ತಿದ್ದ ಕಾಗದದ ಮೂಲೆ ನೋಡಿದ. ತನ್ನ ಹಿಂದೆ ಕೈ ಚಾಚಿ, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ.